ಮೂವತ್ತೊಂದು ಸಲ ತಲೆಗೆ ಹೋದ ಕೈ

ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕೈಗವಸು ಅದು. ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಗಳು. ಮೊದಲು ಕೆಲಸ ಬಲ್ಲವರು ಅದನ್ನು ತೊಟ್ಟು ತಮ್ಮ ಕೆಲಸ ಮಾಡಬೇಕು. ಯಾವ ಬೆರಳು ಯಾವ ಕ್ಷಣದಲ್ಲಿ ಎಲ್ಲಿತ್ತು ಅನ್ನುವುದನ್ನು ಗವಸು ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಅಂಥದೇ ಪುಟ್ಟ ಗವಸನ್ನು ಒಂದು ಮಗು ತೊಟ್ಟರೆ, ಬಲ್ಲವರ ಕೈ ನಡೆದ ದಾರಿಯಲ್ಲೇ ಮಗುವಿನ ಕೈಯನ್ನು ನಡೆಸುತ್ತದೆ. ಬೆರಳು ದಾರಿ ತಪ್ಪಿದರೆ ತಂತಿ ಬಿಗಿದು ಎಳೆಯುತ್ತದೆ. ಮುಟ್ಟಬೇಕಾದ ಕಡೆ ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ತಾನೇ ಒಂದಿಷ್ಟು ಬಲ ಸೇರಿಸಿ ಮುಟ್ಟಿಸುತ್ತದೆ. ಹಿಂದೆ ಅಕ್ಕೋರು ಮಗುವಿನ ಕೈ ಹಿಡಿದು ಪಾಟಿಯ ಮೇಲೆ ಅಕ್ಷರ ತಿದ್ದಿಸುತ್ತಿರಲಿಲ್ಲವೇ, ಹಾಗೇ. ಆದರೆ ಅಕ್ಕೋರಿಗೆ ಇದ್ದದ್ದು ಎರಡೇ ಕೈ, ಗವಸಿಗೆ ಅಂಥ ಲೆಕ್ಕವೇನೂ ಇರಲಿಲ್ಲ.

ಆ ವರ್ಷ ನಾನೂರ ಹನ್ನೆರಡು ಪ್ರಾಥಮಿಕ ಶಾಲೆಗಳಲ್ಲಿ ಬೆಳಿಗ್ಗೆ ಪುಸ್ತಕದ ಪಾಠ, ಮಧ್ಯಾಹ್ನ ಕೈಪಾಠ. ಕುಂಬಾರರ ಕೈಯಿಂದ ಮಣ್ಣು ಮಿದಿಯುವುದು, ಮೇದಾರರ ಕೈಯಿಂದ ಬುಟ್ಟಿ ಹೆಣೆಯುವುದು. ರೊಟ್ಟಿ ಬಡಿಯುವ ಪಾಠ ಬಂದ ವಾರವಂತೂ ಮಕ್ಕಳು ಊಟದ ಬೆಲ್ಲು ಹೊಡೆದರೂ ಏಳಲಿಲ್ಲ. ಪಾಠಗಳೆಲ್ಲ ಹೊರಡುತ್ತಿದ್ದದ್ದು ಧಾರವಾಡದ ಕೈಪಾಠ ಕೇಂದ್ರದಿಂದ. ಅಲ್ಲಿ ಕತ್ತರಿ ಮೇಜು ಅಂತ ಒಂದು ಮೇಜು. ಅದರ ಮುಂದೆ ಕೂರುತ್ತಿದ್ದವಳು ಇಂದುಮತಿ ಹೊಂಬಳ.

ಇಂದುಮತಿ ಎಂಜಿನಿಯರ್ ಅಲ್ಲ, ಹದಿನಾಲ್ಕು ವರ್ಷ ಹಳ್ಳಿ ಶಾಲೆಗಳಲ್ಲಿ ಕಲಿಸಿ ಬಂದ ಟೀಚರು. ಎರಡು ವರ್ಷದ ಹಿಂದೆ ನಿಯೋಜನೆಯ ಮೇಲೆ ಕೇಂದ್ರಕ್ಕೆ ಬಂದಿದ್ದಳು. ಕೆಲಸ ಬಲ್ಲವರು ಗವಸು ತೊಟ್ಟು ಮಾಡಿದ್ದೆಲ್ಲ ಪಾಠವಾಗುವುದಿಲ್ಲವಲ್ಲ. ನಡುವೆ ಮೂಗು ಒರೆಸುತ್ತಾರೆ, ಸೆರಗು ಸರಿ ಮಾಡುತ್ತಾರೆ, ನೊಣ ಹೊಡೆಯುತ್ತಾರೆ. ಅದನ್ನೆಲ್ಲ ಕತ್ತರಿಸಿ ಪಾಠವನ್ನು ನಲವತ್ತು ನಿಮಿಷದ ಪಿರಿಯಡ್ಡಿಗೆ ಹೊಂದಿಸುವುದು ಅವಳ ಕೆಲಸ. ಬೆಲ್ಲಿನ ಒಳಗೆ ಪೋರ್ಶನ್ ಮುಗಿಸುವುದರಲ್ಲಿ ಅವಳದು ಪಳಗಿದ ಕೈ. ಪ್ರತಿ ಪಾಠದ ಮೊದಲಿಗೆ "ಮಕ್ಕಳೇ, ಇವತ್ತು ನಿಮ್ಮ ಕೈ ಹಿಡಿಯುವವರು ಇಂಥವರು" ಅಂತ ಹೇಳುವ ದನಿಯೂ ಅವಳದೇ.

ಕೌದಿ ಪಾಠಕ್ಕೆ ಕೈ ಕೊಟ್ಟವಳು ಫಕೀರವ್ವ. ಬೆಣ್ಣಿಹಳ್ಳದ ಆಚೆಯ ಒಂದು ಊರಿನವಳು, ಅರವತ್ತು ದಾಟಿದವಳು. ಹಳೇ ಸೀರೆ ಪದರು ಪದರಾಗಿ ಹಾಕಿ ಕೌದಿ ಹೊಲಿಯುವುದರಲ್ಲಿ ಸುತ್ತ ಹತ್ತೂರಿಗೆ ಹೆಸರು. ಅದರಲ್ಲೂ ತೊಟ್ಟಿಲ ಕೌದಿ ಅಂದರೆ ಫಕೀರವ್ವನೇ ಆಗಬೇಕು. ಅವಳ ಕೈಗುಣ ಚಲೋ, ಅವಳು ಹೊಲಿದ ಕೌದಿಯಲ್ಲಿ ಮಲಗಿದ ಕೂಸು ಜಡ್ಡು ಬೀಳುವುದಿಲ್ಲ ಅಂತ ಬಾಣಂತಿಯರ ನಂಬಿಕೆ. ಕೇಂದ್ರಕ್ಕೆ ಬಂದು, ಯಾರೂ ಇಲ್ಲದ ಒಂದು ಮೂಲೆಯಲ್ಲಿ ಗೋಡೆಗೆ ಆತು ಕೂತು, ಐದು ಪದರಿನ ಅಂಗೈ ಅಗಲದ ಕೌದಿ ತುಂಡೊಂದನ್ನು ಐವತ್ತೆರಡು ನಿಮಿಷದಲ್ಲಿ ಹೊಲಿದುಕೊಟ್ಟು, ಚಹಾ ಕುಡಿದು ಬಸ್ಸು ಹತ್ತಿದ್ದಳು.

ಐವತ್ತೆರಡು ನಿಮಿಷ! ಪಿರಿಯಡ್ಡಿಗೆ ಹನ್ನೆರಡು ನಿಮಿಷ ಜಾಸ್ತಿ. ಇಂದುಮತಿ ಕತ್ತರಿ ಹಿಡಿದು ಕೂತಳು. ಪರದೆಯ ಮೇಲೆ ಕಾಣುವುದು ಬರೀ ಕೈ: ನೀಲಿ ಗೆರೆಯಲ್ಲಿ ಬರೆದ ಹತ್ತು ಬೆರಳು. ಗವಸಿಗೆ ಬೆರಳಷ್ಟೇ ಗೊತ್ತು. ಸೂಜಿ ಕಾಣದು, ಬಟ್ಟೆ ಕಾಣದು, ಮುಖವಂತೂ ಇಲ್ಲವೇ ಇಲ್ಲ. ಆ ನೀಲಿ ಕೈ ಎಂಟ್ಹತ್ತು ಹೊಲಿಗೆ ಹಾಕುತ್ತಿತ್ತು, ಆಮೇಲೆ ಮೇಲಕ್ಕೇರಿ ಕಿವಿಯ ಮೇಲಿನ ಜಾಗಕ್ಕೆ ಹೋಗಿ, ಎರಡು ಬೆರಳಲ್ಲಿ ಸರ್ ಸರ್ ಅಂತ ಗೀರಿ, ಕೆಳಗಿಳಿಯುತ್ತಿತ್ತು. ಒಂದಲ್ಲ ಎರಡಲ್ಲ, ಮೂವತ್ತೊಂದು ಸಲ.

"ಇದೇನೋ ಇರ್ಫಾನ್, ಮುದುಕಿ ಪರಪರ ತಲಿ ಕೆರಕೊಳ್ಳಾಕತ್ತಾಳ!" ಅಂತ ನಕ್ಕಳು.

ಇರ್ಫಾನ್ ಗವಸಿನ ಎಂಜಿನಿಯರು. ಇಪ್ಪತ್ತೇಳು ವರ್ಷದ ಹುಡುಗ, ಕೇಂದ್ರದಲ್ಲಿ ಎಲ್ಲರೂ ಕರೆಯುವಂತೆ ಅವನೂ ಅವಳನ್ನು ಅಕ್ಕೋರ ಅಂತಲೇ ಕರೆಯುತ್ತಿದ್ದ. "ಒಂದ ಮಾತು ಆಕೀಗೆ ಫೋನ್ ಹಚ್ಚಿ ಕೇಳೂಣೇನ್ರಿ ಅಕ್ಕೋರ? ಒಂದ ನಮೂನಿ ತಪ್ಪದ ಬರಾಕತ್ತೈತಿ ಅದು."

"ತಲಿ ಕೆರಕೊಂಡದ್ದಕ್ಕೂ ಫೋನ್ ಹಚ್ತಿಯೇನೊ? ಏನಂತ ಕೇಳ್ತಿ, ಹೇನು ಅದಾವೇನಬೇ ಅಂತನಾ?"

ಅವಳಿಗೆ ಹೇನಿನ ಪುರಾಣ ಚೆನ್ನಾಗಿ ಗೊತ್ತಿತ್ತು. ಶಾಲೆಯಲ್ಲಿದ್ದಾಗ ಯಾವುದೋ ಮಗು ತಲೆ ಕೆರೆದುಕೊಂಡಿತು ಅಂತ ಮೂರು ತಾಯಂದಿರು ಸ್ಟಾಫ್ ರೂಮಿನ ಬಾಗಿಲಲ್ಲಿ ಜಗಳ ತೆಗೆದಿದ್ದರು. ಇನ್ನು ನಾನೂರ ಹನ್ನೆರಡು ಶಾಲೆಯ ಮಕ್ಕಳು ಒಟ್ಟಿಗೆ ತಲೆ ಕೆರೆದುಕೊಂಡರೆ ಕೇಳಬೇಕೇ! ಮೂವತ್ತೊಂದನ್ನೂ ಕಚಕಚ ಕತ್ತರಿಸಿದಳು. ಸೆರಗು, ನೊಣ, ಸುಧಾರಿಸಿಕೊಂಡ ಹೊತ್ತು ಎಲ್ಲ ತೆಗೆದ ಮೇಲೆ ಪಾಠ ಮೂವತ್ತೆಂಟು ನಿಮಿಷಕ್ಕೆ ಬಂತು. ಇರ್ಫಾನ್ ಹೊಸ ಸೂಜಿಯಲ್ಲಿ ಒಂದು ಸಲ ಹೊಲಿದು ನೋಡಿದ, ಚೆನ್ನಾಗಿಯೇ ಬಂತು. ಇಬ್ಬರೂ ಊಟಕ್ಕೆ ಎದ್ದರು.

ಮೊದಲ ವಾರ ಸಂಭ್ರಮವೋ ಸಂಭ್ರಮ. ಇಂದುಮತಿಯ ಮಗಳು ಅನ್ವಿ ನಾಲ್ಕನೇ ಇಯತ್ತೆ. ಅವಳ ಶಾಲೆಯಲ್ಲೂ ಕೌದಿ ಪಾಠ. ಮನೆಗೆ ಬಂದವಳೇ ಅಪ್ಪನ ಕರವಸ್ತ್ರವನ್ನು ಅಪ್ಪನ ಪ್ಯಾಂಟಿನ ಜೇಬಿಗೇ ಸೇರಿಸಿ ಹೊಲಿದಿಟ್ಟಳು. "ಮಮ್ಮಿ, ಫಕೀರವ್ವಜ್ಜಿ ಕೈ ಭಾಳ ಮೆತ್ತಗ ಹಿಡೀತಾರ" ಅಂದಳು. ನೋಡದ ಅಜ್ಜಿಯ ಕೈ ಮಗುವಿಗೆ ಗೊತ್ತಾಗಿತ್ತು. ಇಂದುಮತಿಗೆ ಖುಷಿಯಾಯಿತು.

ಎರಡನೇ ವಾರ ಸೂಜಿ ಮುರಿಯತೊಡಗಿದವು.

ಕೇಂದ್ರದ ಗೋಡೆಯ ಮೇಲೆ ದೊಡ್ಡ ನಕಾಶೆ. ಶಾಲೆಗೊಂದು ಹಸಿರು ಚುಕ್ಕಿ. ಗವಸಿಗೆ ತಡೆ ಬಂದರೆ ಚುಕ್ಕಿ ಕೆಂಪಾಗುತ್ತದೆ. ಸೋಮವಾರ ಹದಿನೆಂಟು ಕೆಂಪು, ಮಂಗಳವಾರ ಎಪ್ಪತ್ತು. ಬುಧವಾರ ಮಧ್ಯಾಹ್ನ ನಕಾಶೆಗೆ ಮೈತುಂಬ ದಡಾರ ಎದ್ದಂತೆ ಕಂಡಿತು. ಹೊಲಿಗೆ ಹೋಗಬೇಕಾದ ಕಡೆ ಸೂಜಿ ಹೋಗುತ್ತಿಲ್ಲ, ಗವಸು ಬಿಡುತ್ತಿಲ್ಲ. ಮುಟ್ಟಲಿಲ್ಲವೇ, ಇನ್ನಷ್ಟು ಒತ್ತು. ಇನ್ನೂ ಇಲ್ಲವೇ, ಇನ್ನಷ್ಟು. ಆ ದಿನವೇ ಗಡಿಯ ಕಡೆಯ ಒಂದು ಶಾಲೆಯಲ್ಲಿ ಸಾನಿಕಾ ಅನ್ನುವ ಒಂಬತ್ತು ವರ್ಷದ ಹುಡುಗಿಯ ಸೂಜಿ ಲಟಕ್ಕನೆ ಮುರಿದು, ಮುರಿದ ತುದಿ ಎಡಗೈ ಹೆಬ್ಬೆರಳಿನ ಒಳಗೇ ಉಳಿಯಿತು. ಆಸ್ಪತ್ರೆಯಲ್ಲಿ ಬೆರಳು ಕೊಯ್ದು ತೆಗೆಯಬೇಕಾಯಿತು.

ಮರುದಿನ ಸಭೆ. ಕೇಂದ್ರದ ಸಂಯೋಜಕರು ಕೆರೂರ ಸಾಹೇಬರು, ಕೂತಲ್ಲಿಂದಲೇ ತೀರ್ಪು ಕೊಡುವ ಜನ. "ನಮ್ಮ ಗ್ಲೌಸು ಸರಿ ಐತಿ, ಬುಟ್ಟಿ ಪಾಠಕ್ಕ ಒಂದ ತಕರಾರಿಲ್ಲ. ದೋಷ ಇದ್ದದ್ದು ಹೊಲಿದಾಕಿ ಕೈಯಾಗ. ಒರಟು ಕೈ. ಆಕೀ ಪಾಠ ನಿಲ್ಲಸ್ರಿ, ಹೆಸರು ತಗೀರಿ, ಸುತ್ತೋಲೆ ಹೊರಡಸ್ರಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಇರ್ಫಾನ್ ಮೆಲ್ಲಗೆ ಕಾಗದವೊಂದನ್ನು ಇಂದುಮತಿಯ ಕಡೆ ಸರಿಸಿದ. ಫಕೀರವ್ವ ಹೊಲಿಯುವಾಗ ಬೆರಳಿಗೆ ಹಾಕಿದ ಬಲ ಅದರಲ್ಲಿತ್ತು. ಹೂವು ಹಿಡಿದಷ್ಟು ಮೆತ್ತಗೆ. ಮಕ್ಕಳ ಗವಸು ಹಾಕಿದ್ದು ಅದರ ಏಳು ಪಟ್ಟು. ಅದೇ ದಾರಿ, ಅದೇ ಐದು ಪದರು, ಅವಳಿಗೆ ಬೇಡವಾದ ಬಲ ಮಕ್ಕಳಿಗೆ ಯಾಕೆ ಬೇಕಾಯಿತು? ಕೇಳಬೇಕು ಅಂದುಕೊಂಡಳು. ಸಾಹೇಬರ ಮುಖ ನೋಡಿ ಕಾಗದ ಮಡಚಿ ಫೈಲಿನೊಳಗೆ ಇಟ್ಟಳು. "ಕೌದಿ ಪಾಠದ ಫಕೀರವ್ವ ಅವರ ಕೈಚಲನೆಯ ದೋಷದಿಂದ" ಅಂತ ಶುರುವಾಗುವ ಸುತ್ತೋಲೆ ಸಂಜೆಯೊಳಗೆ ನಾನೂರ ಹನ್ನೆರಡು ಶಾಲೆ ಮುಟ್ಟಿತು.

ಅವತ್ತು ಮನೆಗೆ ಬಂದರೆ ಅನ್ವಿ ಪಡಸಾಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಶಾಲೆಯಲ್ಲಿ ಪಾಠ ನಿಂತಿದೆ, ಕೌದಿ ತುಂಡು ಅರ್ಧಕ್ಕೆ ಉಳಿದಿದೆ. ಗವಸಿಲ್ಲದೆ ತಾನೇ ಮುಗಿಸುತ್ತೇನೆ ಅಂತ ಹಟ. "ಈ ಸೂಜಿ ಒಳಗ ಹೋಗವಲ್ದು ಮಮ್ಮಿ!"

ಸೂಜಿ ನೋಡಿದಳು. ಹತ್ತು ದಿನ ಮಕ್ಕಳ ಬೆವರುಗೈಯಲ್ಲಿ ಆಡಿ ಕಪ್ಪಗಾಗಿತ್ತು, ಉಗುರಿಗೆ ತರಕಲು ತರಕಲಾಗಿ ಹತ್ತಿತು. "ತಾ ಇಲ್ಲಿ, ಹೀಂಗಲ್ಲ" ಅಂದು ಮಗಳ ಕೈಯಿಂದ ಕಸಿದುಕೊಂಡಳು. ತಲೆಯಲ್ಲಿ ಸುತ್ತೋಲೆಯದೇ ಚಿಂತೆ.

"ಮಮ್ಮಿ, ತಲಿ ಯಾಕ ಕೆರಕೊಂಡಿ?"

ಇಂದುಮತಿಯ ಕೈ ಕಿವಿಯ ಮೇಲೇ ನಿಂತಿತ್ತು. ಎರಡು ಬೆರಳ ನಡುವೆ ಸೂಜಿ, ಸೂಜಿ ಎಣ್ಣೆಗೂದಲ ಒಳಗೆ. ಅವಳು ಹೋಗು ಅಂದಿರಲಿಲ್ಲ, ಕೈ ತಾನೇ ಹೋಗಿತ್ತು. ಅವ್ವ ರವಿಕೆಗೆ ಗುಂಡಿ ಹಚ್ಚುವಾಗ ಹೀಗೇ ಮಾಡುತ್ತಿದ್ದಳು. ನೋಡಿ ನೋಡಿ ಕೈ ಯಾವಾಗಲೋ ಕಲಿತುಬಿಟ್ಟಿತ್ತು. ಕೂದಲ ಎಣ್ಣೆ ಸೂಜಿಗೆ ಹತ್ತಿದರೆ ಎಷ್ಟು ಪದರಿದ್ದರೂ ಸಲೀಸಾಗಿ ಇಳಿಯುತ್ತದೆ, ತುಕ್ಕೂ ಹಿಡಿಯುವುದಿಲ್ಲ.

ಸೂಜಿಯನ್ನು ಬಟ್ಟೆಗೆ ಚುಚ್ಚಿದಳು. ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

ಮೂವತ್ತೊಂದು ಸಲ! ಒಂದೊಂದನ್ನೂ ನಕ್ಕು ನಕ್ಕು ಕತ್ತರಿಸಿದ್ದಳು. ಆ ಹುಡುಗಿಯ ಬೆರಳು ಕೊಯ್ಯಿಸಿದ್ದು ಫಕೀರವ್ವನ ಕೈಯಲ್ಲ, ಈ ಕೈ. ಅನ್ವಿ "ಯಾಕ ಅಳ್ತಿ ಮಮ್ಮಿ?" ಅಂತ ಗದ್ದ ಹಿಡಿದು ಕೇಳಿದಾಗಲೇ ತಾನು ಅಳುತ್ತಿರುವುದು ಅವಳಿಗೆ ಗೊತ್ತಾದದ್ದು.

ಮುಂಜಾನೆ ಇರ್ಫಾನ್ ಮೂವತ್ತೊಂದು ತುಂಡನ್ನೂ ಮತ್ತೆ ಜೋಡಿಸಿದ. ಮಕ್ಕಳ ಕೈಯಲ್ಲಿ ಕಪ್ಪಾದ ಸೂಜಿಗಳಲ್ಲಿ ಎಣ್ಣೆ ಹತ್ತಿದ್ದು, ಹತ್ತದ್ದು, ಎರಡನ್ನೂ ಯಂತ್ರಕ್ಕೆ ಕೊಟ್ಟು ಅಳೆದ. ಹತ್ತದ್ದಕ್ಕೆ ಏಳು ಪಟ್ಟು ಬಲ. ಕೆರೂರ ಸಾಹೇಬರು ಕಾಗದ ನೋಡಿದರು, ಕನ್ನಡಕ ತೆಗೆದು ಒರೆಸಿದರು.

"ಆತು, ಸರಿ ಮಾಡ್ರಿ. ಹೊಸ ಆವೃತ್ತಿ ಅಂತ ಕಳಸ್ರಿ. ತುಂಡು ತುಂಡು ಮಾಡಿದ್ದು, ಜೋಡಿಸಿದ್ದು, ಇದೆಲ್ಲ ಯಾರಿಗೂ ಹೇಳೂದು ಬ್ಯಾಡ."

"ಆಕೀ ಹೆಸರು ಸರ?"

"ತಗದದ್ದು ತಗದಂಗ ಇರಲಿ. ಮತ್ತ ಹಾಕಿದ್ರ ಯಾಕ ತಗದಿದ್ರಿ ಅಂತ ಕೇಳ್ತಾರ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ ಹೊಂಬಳ ಅವರ."

ಒಳ್ಳೇದಕ್ಕೇ ಹೌದು, ಅದರಲ್ಲಿ ಸುಳ್ಳಿಲ್ಲ. ಸುಮ್ಮನಿದ್ದರೆ ಧಾರವಾಡ, ಮಗಳ ಶಾಲೆ, ಫ್ಯಾನಿನ ಕೆಳಗಿನ ಮೇಜು. ಎರಡು ದಿನ ಇಂದುಮತಿ ಸುಮ್ಮನೇ ಇದ್ದಳು. ಭಾನುವಾರ ತಡೆಯಲಿಲ್ಲ, ಬಸ್ಸು ಹತ್ತಿ ಬೆಣ್ಣಿಹಳ್ಳ ದಾಟಿ ಫಕೀರವ್ವನ ಮನೆ ಹುಡುಕಿಕೊಂಡು ಹೋದಳು.

ಫಕೀರವ್ವ ಕಟ್ಟೆಯ ಮೇಲೆ ಬರಿಗೈಯಲ್ಲಿ ಕೂತಿದ್ದಳು. ಆ ಕೈ ಸುಮ್ಮನಿದ್ದದ್ದನ್ನು ಇಂದುಮತಿ ನೋಡಿದ್ದು ಅದೇ ಮೊದಲು.

"ಬರ್ರಿ ಅಕ್ಕೋರ, ಕುಂದರ್ರಿ. ನಿಮ್ಮ ಕಾಗದ ನಮ್ಮೂರ ಸಾಲಿಗೂ ಬಂದೈತಿ. ನಮ್ಮ ಮೊಮ್ಮಗಳ ಮುಂದನ ಓದಿದ್ರಂತ." ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಗೌಡರ ಮನ್ಯಾವರು ತೊಟ್ಟಲ ಕೌದಿ ಹೊಲಿಯಾಕ ಸೀರಿ ಕೊಟ್ಟಿದ್ರು. ಅರ್ಧ ಹೊಲಿದಿದ್ದೆ. ನಿನ್ನಿ ಬಂದು ಸೀರಿ ಸೈತ ಬಿಚ್ಚಿ ಒಯ್ದರು. ಕೂಸಿಗೆ ರಕ್ತ ತಗದ ಕೈ ಅಂತ ಅಂದ್ರು ಅಕ್ಕೋರ. ಈ ಊರ ಅರ್ಧ ಮಂದಿ ನನ್ನ ಕೌದ್ಯಾಗ ಮಲಗಿ ದೊಡ್ಡವರಾಗ್ಯಾರ."

ಇಂದುಮತಿ ಒಂದೇ ಉಸಿರಿಗೆ ಎಲ್ಲ ಹೇಳಿದಳು. ನೀಲಿ ಕೈ, ಮೂವತ್ತೊಂದು ಸಲ, ಹೇನು, ನಗು. ಏನೂ ಬಿಡಲಿಲ್ಲ. ಹೇಳಿ ಕಾಲು ಮುಟ್ಟಲು ಬಾಗಿದಳು.

ಫಕೀರವ್ವ ಕಾಲು ಹಿಂದಕ್ಕೆಳೆದುಕೊಂಡಳು. ಆಗ ಬಂತು ನೋಡಿ ಸಿಟ್ಟು.

"ತಲಿ ಕೆರಕೋತೀನಿ ಅಂತ ತಿಳದ್ರೆ? ಕೇಳಾಕ ಬಾಯಿಗೆ ಏನಾಗಿತ್ರೀ? ಒಂದ ಫೋನ್ ಹಚ್ಚಿದ್ರ ಹೇಳ್ತಿದ್ನೆಲ್ಲ ನಾನು! ಓದಿದವರು ನೀವು, ಗೊತ್ತಿಲ್ಲ ಅಂತ ಅನ್ನಾಕ ನಾಚಿಕಿ ನಿಮಗ. ನಮ್ಮ ಸಣ್ಣ ಹುಡುಗೂರ ಚಲೋ, ಹತ್ತು ಸಲ ಕೇಳ್ತಾವ, ಯಾಕಬೇ ಯಾಕಬೇ ಅಂತ."

"ತಪ್ಪಾತವ್ವ. ನಾ ಗೌಡರ ಮನಿಗೆ ಬಂದು ಹೇಳ್ತೀನಿ."

"ಬ್ಯಾಡ. ಇಲ್ಲಿ ಬಂದು ನನ್ನ ಕಿವಿಯಾಗ ಹೇಳಿದ್ರ ಏನ ಬಂತು? ಎಲ್ಲೆಲ್ಲಿ ನನ್ನ ಕೈ ಕೆಟ್ಟೈತಿ ಅಂದ್ರಿ, ಅಲ್ಲೆಲ್ಲಾ ಹೇಳ್ರಿ. ಅದು ಆಗೂದಿಲ್ಲ ಅಂದ್ರ ಬಸ್ಸು ಐತಿ ನಾಲ್ಕಕ್ಕ."

ನಾಲ್ಕರ ಬಸ್ಸಿನಲ್ಲಿ ಇಂದುಮತಿ ಕಿಟಕಿಯ ಪಕ್ಕ ಕೂತು ವಾಕ್ಯಗಳನ್ನು ಜೋಡಿಸಿದಳು. ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ಮನೆ ಅಂದಿಲ್ಲ ಹಿರಿಯರು.

ಸೋಮವಾರ ಬೆಳಿಗ್ಗೆ ಹೊಸ ಆವೃತ್ತಿ ಹೊರಡಬೇಕಿತ್ತು. ಮುನ್ನುಡಿಯ ದನಿ ಅವಳದೇ ಆದ್ದರಿಂದ ಯಾರೂ ಕೇಳಿ ನೋಡಲಿಲ್ಲ. ಇರ್ಫಾನ್ ಮಾತ್ರ ಕೇಳಿದ. ಕೇಳಿ ಕಿವಿಯಿಂದ ಹೆಡ್‌ಫೋನ್ ತೆಗೆದು ಅವಳ ಮುಖ ನೋಡಿದ.

"ಅಕ್ಕೋರ, ಇದನ್ನ ನಾ ಕಳಿಸಿದ್ರ ನನ್ನ ನೌಕರಿನೂ..."

"ನಿನ್ನ ಕೈ ತಗಿ. ನಾ ಒತ್ತತೀನಿ."

"ಇಲ್ರಿ, ಅದಲ್ಲ. ಫೋನ್ ಹಚ್ಚೂಣೇನು ಅಂತ ಕೇಳಿ ನಾನೂ ಸುಮ್ಮನಾದ್ನೆಲ್ರಿ. ನನ್ನ ಹೆಸರೂ ಹೇಳ್ರಿ ಅದರಾಗ."

"ಕತ್ತರಿ ಹಿಡದಾಕಿ ನಾನು" ಅಂದು ಇಂದುಮತಿ ಗುಂಡಿ ಒತ್ತಿದಳು.

ಅವತ್ತು ಮಧ್ಯಾಹ್ನ ನಾನೂರ ಹನ್ನೆರಡು ಶಾಲೆಗಳಲ್ಲಿ ಮಕ್ಕಳು ಕೇಳಿದ್ದು ಇಷ್ಟು: "ಮಕ್ಕಳೇ, ಇವತ್ತು ನಿಮ್ಮ ಕೈ ಹಿಡಿಯುವವರು ಫಕೀರವ್ವ. ಅವರ ಕೈಯಲ್ಲಿ ದೋಷವಿದೆ ಅಂತ ನಿಮಗೆ ಹೇಳಿದ್ದು ಸುಳ್ಳು. ಅವರು ಸೂಜಿಗೆ ಕೂದಲ ಎಣ್ಣೆ ಹಚ್ಚುತ್ತಿದ್ದರು. ನನಗೆ ಅದು ತಿಳಿಯಲಿಲ್ಲ, ಕೇಳಲೂ ಇಲ್ಲ, ಕತ್ತರಿಸಿ ಹಾಕಿದೆ. ಸಾನಿಕಾಳ ಬೆರಳಿಗೆ ಗಾಯವಾದದ್ದು ನನ್ನಿಂದ. ನನ್ನ ಹೆಸರು ಇಂದುಮತಿ ಹೊಂಬಳ. ಇನ್ನು ಮುಂದೆ ಕೈ ಯಾಕೆ ಹಾಗೆ ಹೋಗುತ್ತದೆ ಅಂತ ತಿಳಿಯದಿದ್ದರೆ ಪಾಠ ನಿಲ್ಲಿಸಿ ಕೇಳಿ."

ಎಂಟು ದಿನದಲ್ಲಿ ನಿಯೋಜನೆ ರದ್ದಾಯಿತು. ಯಾವ ಶಾಲೆ ಬೇಕು ಅಂತ ಕೇಳಿದಾಗ ಅವಳು ಹೇಳಿದ್ದು ಸಾನಿಕಾಳ ಶಾಲೆಯ ಹೆಸರು. ದಿನಕ್ಕೆ ಎರಡೇ ಬಸ್ಸು, ಯಾರೂ ಬೇಡ ಅಂದಿದ್ದ ಜಾಗ, ತಕ್ಷಣ ಸಿಕ್ಕಿತು. ಗಂಡ ತಲೆ ಚಚ್ಚಿಕೊಂಡ. ಅನ್ವಿ ಮಾತ್ರ "ಅಲ್ಲಿ ಸಾನಿಕಾ ಇರ್ತಾಳಲ್ಲ, ಆಕೀಗೆ ಇದನ್ನ ಕೊಡು" ಅಂತ ತಾನು ಮುಗಿಸಿದ ಕೌದಿ ತುಂಡನ್ನು ಚೀಲದಲ್ಲಿ ಹಾಕಿದಳು.

ಅಲ್ಲಿ ನಾಲ್ಕನೇ ಇಯತ್ತೆಯಲ್ಲಿ ಇಪ್ಪತ್ತಾರು ಮಕ್ಕಳು. ಮೊದಲ ಕೈಪಾಠದ ದಿನ ದೇವರಿಗೆ ಮುಡಿ ಕೊಟ್ಟು ಬಂದ ಬಸು ಅನ್ನುವವನು ಬೋಳು ತಲೆ ಸವರುತ್ತ ಎದ್ದು ನಿಂತ. "ಅಕ್ಕೋರೆ, ನಂದು ಕೂದಲಾನ ಇಲ್ರಿ. ನಾ ಏನ ಮಾಡ್ಲಿ?" ಇಂದುಮತಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿ, ಎಲ್ಲರ ಮುಂದೆ ಫಕೀರವ್ವನಿಗೆ ಫೋನ್ ಹಚ್ಚಿದಳು. ಸ್ಪೀಕರಿನಲ್ಲಿ ಫಕೀರವ್ವನ ದನಿ ಗಟ್ಟಿಯಾಗಿ ಬಂತು: "ಬಾಜೂಕ ಕುಂತವನ ತಲಿ ಐತೆಲ್ಲೋ ಮಳ್ಳ! ಅವನೂ ಕೊಡಲಿಲ್ಲಂದ್ರ ಜಳಕದ ಸಬಕಾರದ ಚೂರಿಗೆ ಸೂಜಿ ತಿಕ್ಕು." ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು.

ನಗದೆ ಇದ್ದವಳು ಒಬ್ಬಳೇ. ಸಾನಿಕಾ ಕೊನೆಯ ಸಾಲಿನಲ್ಲಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ಕೂತಿದ್ದಳು. ಗವಸು ಬೇಡ ಅಂದಿದ್ದಳು. ಇಂದುಮತಿ ಒತ್ತಾಯ ಮಾಡಲಿಲ್ಲ, ಅನ್ವಿಯ ಕೌದಿ ತುಂಡನ್ನು ಅವಳ ಮುಂದಿಟ್ಟು ಬಂದಳು. ಪಾಠ ಶುರುವಾಯಿತು. ಎಂಟು ಹೊಲಿಗೆ, ಹತ್ತು ಹೊಲಿಗೆ, ಇಪ್ಪತ್ತೈದು ಕೈ ಒಟ್ಟಿಗೆ ಮೇಲೆದ್ದು ಕಿವಿಯ ಮೇಲೆ ಹೋಗಿ ಇಳಿದವು. ಒಂದು ಸೂಜಿಯೂ ಮುರಿಯಲಿಲ್ಲ. ಮೂರನೇ ಸಲ ಕೈಗಳು ಎದ್ದಾಗ ಇಂದುಮತಿ ಮತ್ತೆ ಎಣಿಸಿದಳು. ಇಪ್ಪತ್ತಾರು. ಸಾನಿಕಾ ಗವಸಿಲ್ಲದ ಬರಿಗೈಯಲ್ಲಿ ಸೂಜಿ ಹಿಡಿದಿದ್ದಳು.

ಹದಿನೈದು ದಿನ ಕಳೆದಿರಬಹುದು. ಶಾಲೆ ಬಿಡುವ ಹೊತ್ತಿಗೆ ಸಾನಿಕಾಳ ತಾಯಿ ಗೇಟಿನ ಹತ್ತಿರ ನಿಂತಿದ್ದಳು. ತುಂಬು ಬಸುರಿ. ಇವಳ ಮಗಳ ಬೆರಳು ಕೊಯ್ಯಿಸಿದವಳು ನಾನು, ಬೈದರೆ ಬೈಸಿಕೊಳ್ಳಬೇಕು ಅಂತ ಇಂದುಮತಿ ಗಟ್ಟಿ ಮನಸ್ಸು ಮಾಡಿ ಹತ್ತಿರ ಹೋದಳು.

"ನೀವಂದದ್ದು ಕೇಳೀನ್ರಿ ಅಕ್ಕೋರ. ಸಿಟ್ಟು ಇನ್ನೂ ಹೋಗಿಲ್ಲ, ಸುಳ್ಳ್ಯಾಕ ಹೇಳ್ಲಿ" ಅಂದಳು ಆಕೆ. ಆಮೇಲೆ ಕಂಕುಳಲ್ಲಿದ್ದ ಗಂಟನ್ನು ಮುಂದೆ ಚಾಚಿದಳು. ಒಳಗೆ ಒಗೆದು ಮಡಚಿದ ನಾಲ್ಕು ಹಳೇ ಸೀರೆ.

"ಆ ಫಕೀರವ್ವ ಇರೂದು ಎಲ್ಲಿ ಅಂತ ನಿಮಗ ಗೊತ್ತಲ್ರಿ? ಇದನ್ನ ಆಕೀಗೆ ಮುಟ್ಟಸ್ರಿ. ತೊಟ್ಟಲಕ್ಕ ಬೇಕು, ಇನ್ನ ಒಂದ ತಿಂಗಳೈತಿ. ಇಲ್ಲೇ ಯಾರ ಕಡೇನರ ಹೊಲಸೂಣ ಅಂದ್ರ ನಮ್ಮ ಸಾನಿಕಾ ಕೇಳವಲ್ಲಳು. ಆ ಅಜ್ಜಿ ಕೈಯಾಗಿಂದ ಆಗಬೇಕಂತ."

ಇಂದುಮತಿ ಎರಡೂ ಕೈಯಲ್ಲಿ ಗಂಟು ಇಸಿದುಕೊಂಡಳು. ಅವಳು ದಿನಾ ಮನೆಗೆ ಹೋಗುವ ಬಸ್ಸು ಬಂದು ಹಾರ್ನ್ ಹೊಡೆಯಿತು. ಅವಳು ಅದನ್ನು ಬಿಟ್ಟಳು. ರಸ್ತೆ ದಾಟಿ ಆಚೆ ಬದಿಗೆ ಹೋಗಿ, ಬೆಣ್ಣಿಹಳ್ಳದ ಕಡೆ ಹೋಗುವ ಇನ್ನೊಂದು ಬಸ್ಸಿಗೆ ಕಾಯುತ್ತ ನಿಂತಳು.